ಹಟ್ಟಿಯ ಮುಂದೆ ನಿಲ್ಲದ ದೋಣಿ

“ಗುರುಗಳೇ, ಅರಸರು ನಮ್ಮೂರಿನ ಆಡಳಿತವನ್ನು ನಮಗೇ ಬಿಟ್ಟುಕೊಟ್ಟಿದ್ದಾರೆ. ನಾಡಿದ್ದು ಮೊದಲ ಸಭೆ. ಏಳು ಜನ ಹಿರಿಯರಲ್ಲಿ ನಾನೂ ಒಬ್ಬ. ಇನ್ನಾದರೂ ಊರಿನ ಕೆಲಸಗಳು ನೆಟ್ಟಗೆ ನಡೆಯುತ್ತವೆ, ಅಲ್ಲವೆ?” ಎಂದು ಶಿಷ್ಯ ಕೇಳಿದ.

ಗುರುಗಳು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಹೊಳೆಯ ದಡದ ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಸಂತೆ, ವೈದ್ಯ, ಸೂಲಗಿತ್ತಿ ಎಲ್ಲ ಆಚೆ ದಡದಲ್ಲಿ. ದಾಟಲು ಇದ್ದದ್ದು ಒಂದೇ ದೋಣಿ, ಅದು ಅರಮನೆಯದು. ಒಂದು ಹಲಗೆ ಸೀಳಿದರೆ ರಾಜಧಾನಿಗೆ ಓಲೆ ಹೋಗಬೇಕು. ಓಲೆ ಹೋಗಿ, ಅಪ್ಪಣೆಯಾಗಿ, ಬಡಗಿ ಬರುವಷ್ಟರಲ್ಲಿ ಇನ್ನೊಂದು ಹಲಗೆ ಸೀಳಿರುತ್ತಿತ್ತು. ಜನ ತಂಬಿಗೆಯಲ್ಲಿ ನೀರು ಮೊಗೆದು ಚೆಲ್ಲುತ್ತ ಹೊಳೆ ದಾಟುತ್ತಿದ್ದರು. ತನ್ನ ಎರಡು ಕೊಡ ಎಣ್ಣೆ ಹೊಳೆಪಾಲಾದ ದಿನ ಗಾಣಿಗನಿಗೆ ತಡೆಯಲಾಗಲಿಲ್ಲ. ಹನ್ನೊಂದು ದಿನ ನಡೆದು ಹೋಗಿ ಅರಸನ ಕಾಲಿಗೆ ಬಿದ್ದ. “ದೋಣಿ ನಮಗೇ ಕೊಟ್ಟುಬಿಡಿ ಬುದ್ಧಿ, ನಮ್ಮ ಕಷ್ಟ ನಮಗೆ ಗೊತ್ತು” ಎಂದ. ಅರಸ ಕೊಟ್ಟ.

ಊರಿಗೆ ಊರೇ ಗಾಣಿಗನನ್ನು ಹೊತ್ತು ಕುಣಿಯಿತು. ದೋಣಿ ನೋಡಿಕೊಳ್ಳಲು ಏಳು ಜನರ ಸಭೆಯಾಯಿತು. ಏಳೂ ಜನ ಊರೊಳಗಿನವರೇ, ಗಾಣಿಗನೂ ಅವರಲ್ಲೊಬ್ಬ. ವರ್ಷಗಟ್ಟಲೆ ಸೋರಿದ ದೋಣಿಯನ್ನು ಊರಿನ ಬಡಗಿ ಒಂದೇ ಹಗಲಲ್ಲಿ ಸರಿಮಾಡಿದ. ಇದರಲ್ಲಿ ಸುಳ್ಳಿಲ್ಲ, ದೋಣಿ ಅಷ್ಟು ಚೆನ್ನಾಗಿ ಎಂದೂ ನಡೆದಿರಲಿಲ್ಲ.

ಅರಮನೆಯ ಒಂದು ಕಟ್ಟಳೆ ಮಾತ್ರ ಇನ್ನೂ ಉಳಿದಿತ್ತು. ಊರಿನ ಕೆಳಗೆ, ಒಂದು ಹಳ್ಳದ ಆಚೆ, ಹನ್ನೆರಡು ಮನೆಯ ಹಟ್ಟಿ. ಆಚೆ ದಡಕ್ಕೆ ಹೋಗುವ ದೋಣಿ ಅದರ ಮುಂದೆಯೇ ಹಾಯಬೇಕು. ಹಟ್ಟಿಯ ಕಟ್ಟೆಯಲ್ಲಿ ಒಬ್ಬರೇ ಕಾದಿದ್ದರೂ ದೋಣಿ ನಿಲ್ಲಬೇಕು ಎಂಬುದೇ ಆ ಕಟ್ಟಳೆ. ಒಂದು ದಿನ ಸಭೆಯಲ್ಲಿ ಒಬ್ಬ ಹಿರಿಯ, “ಅವರಿಗೋಸ್ಕರ ದಿನಾ ನಾವ್ಯಾಕೆ ತಡ ಮಾಡ್ಕೋಬೇಕು? ನಡೆದು ನಮ್ಮ ಕಟ್ಟೆಗೇ ಬರಲಿ” ಎಂದ. ಗಾಣಿಗನಿಗೆ ಬೇಗ ಸಂತೆ ಮುಟ್ಟುವ ಆಸೆ. ಮೊದಲು ಕೈ ಎತ್ತಿದವನು ಅವನೇ. ಅಂದಿನಿಂದ ದೋಣಿ ಹಟ್ಟಿಯ ಮುಂದೆ ನಿಲ್ಲಲಿಲ್ಲ.

ಎರಡು ವರ್ಷದ ಮೇಲೆ ಅವನು ಮಗಳನ್ನು ಅದೇ ಹಟ್ಟಿಗೆ ಕೊಟ್ಟ. ಒಳ್ಳೆಯ ಮನೆತನ, ಮಗಳು ಕಣ್ಣೆದುರಿಗೇ ಇರುತ್ತಾಳೆಂದು ಹಿಗ್ಗಿದ. ದೋಣಿಯ ಮಾತು ಆಗ ಅವನಿಗೆ ನೆನಪಾಗಲಿಲ್ಲ.

ಮಳೆಗಾಲ ಬಂತು. ಬಸುರಿ ಮಗಳಿಗೆ ಏಳು ತಿಂಗಳು ತುಂಬಿತ್ತು. ವಾರದಲ್ಲಿ ತವರಿಗೆ ಕರೆತರಬೇಕು, ಅದಕ್ಕೆ ಹಸಿರು ಬಳೆ ತರೋಣವೆಂದು ಗಾಣಿಗ ಬೆಳಿಗ್ಗೆ ದೋಣಿ ಹತ್ತಿದ. ಹಟ್ಟಿಯ ನೇರಕ್ಕೆ ಬಂದಾಗ ಮಳೆಯ ಮಬ್ಬಿನಲ್ಲಿ, ಹಳೆಯ ಕಟ್ಟೆಯ ಮೇಲೆ, ಯಾರೋ ಸೀರೆ ಬೀಸುತ್ತಿದ್ದರು. ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸಿ ಗಾಣಿಗನ ಮುಖ ನೋಡಿದ.

“ನಿಲ್ಲಿಸ್ಲಾ ಯಜಮಾನ್ರೆ?”

“ಇವತ್ತು ಒಬ್ಬರಿಗೆ ನಿಲ್ಲಿಸಿದ್ರೆ ನಾಳೆ ಹಟ್ಟಿಗೆ ಹಟ್ಟಿಯೇ ಬಂದು ನಿಲ್ಲುತ್ತೆ. ನಡಿ.”

ಸಂಜೆ ಬಳೆ ಹಿಡಿದು ಊರಿನ ಕಟ್ಟೆಯಲ್ಲಿ ಇಳಿದಾಗ ಮಗಳ ಅತ್ತೆ ಅಲ್ಲಿ ಕೂತಿದ್ದಳು. ಎದೆಯವರೆಗೆ ಒದ್ದೆಯಾಗಿದ್ದಳು.

“ಹಳ್ಳ ಇಳಿಯೋ ತನಕ ಬರೋಕಾಗ್ಲಿಲ್ಲ ಬೀಗರೆ. ನಸುಕಿಗೇ ಅವಳಿಗೆ ನೋವು ಬಂತು. ಕಟ್ಟೆಗೆ ಹೊತ್ತು ತಂದು ಮಲಗಿಸಿ, ಸೀರೆ ಬೀಸಿದೆ. ದೋಣಿ ನಿಲ್ಲಲಿಲ್ಲ. ಮಧ್ಯಾಹ್ನ ತಾಯಿ ಮಗು ಇಬ್ಬರೂ ಹೋದ್ರು.” ಆಮೇಲೆ ಅವನನ್ನೇ ಕೇಳಿದಳು, “ನೀವು ಸಭೆಯವರು. ಬೆಳಿಗ್ಗೆ ಆ ದೋಣಿಯಲ್ಲಿ ಯಾರಿದ್ರು ಅಂತ ವಿಚಾರಿಸಿ ಹೇಳ್ತೀರಾ?”

ಮಳೆಗಾಲದಲ್ಲಿ ಹಳ್ಳ ತುಂಬುತ್ತದೆಂದು ಗಾಣಿಗನಿಗೆ ಗೊತ್ತಿರಲಿಲ್ಲವೆಂದಲ್ಲ. ಕೈ ಎತ್ತಿದ ದಿನ ಆ ಹಳ್ಳ ಅವನು ದಾಟಬೇಕಾದ ಹಳ್ಳವಾಗಿರಲಿಲ್ಲ. ಬಳೆ ಹಿಡಿದೇ ನಿಂತಿದ್ದ.

ಕತೆ ಮುಗಿದಾಗ ಶಿಷ್ಯ, “ಹಾಗಾದರೆ ದೋಣಿ ಅರಮನೆಯ ಕೈಯಲ್ಲೇ ಇರಬೇಕಿತ್ತೆ, ಗುರುಗಳೇ?” ಎಂದ.

“ದೋಣಿ ಊರಲ್ಲೇ ಇರಲಿ, ನಾಡಿದ್ದು ನಿಮ್ಮ ಸಭೆಯಲ್ಲಿ ಯಾರು ಕೂತಿರುವುದಿಲ್ಲ, ಅದನ್ನು ಹೇಳು” ಎಂದರು ಗುರುಗಳು.