ಒಣಗಲ್ಲಿನ ಅರಸನೂ ಕುಂಯ್ ಎನ್ನಬಾರದ ನಾಯಿಮರಿಯೂ

ನಾನು ಈ ಭೂಮಿಯ ಮೇಲಿನ ನಾಯಿಗಳಿಗೆಲ್ಲ ಗುರು. ತೋಳಕ್ಕೆ ಬಚ್ಚಲು ತೋರಿಸಿಕೊಟ್ಟವನು, ಹುಲಿಗೆ ಹಿತ್ತಲಿನ ದಾರಿ ಕಲಿಸಿದವನು. ಒಮ್ಮೆ ಒಂದು ಆನೆ ನನ್ನ ಅಪ್ಪಣೆ ಸಿಗುವ ತನಕ ಇಡೀ ಮಳೆಗಾಲ ತಡೆದುಕೊಂಡು ನಿಂತಿತ್ತು.

ಇದೆಲ್ಲ ಸುಳ್ಳು. ನಮ್ಮ ಮನೆಯ ಬೆಕ್ಕು ಇವತ್ತು ಬೆಳಿಗ್ಗೆಯೂ ನನ್ನ ಎಡಗಾಲಿನ ಚಪ್ಪಲಿಯಲ್ಲಿ ಕೂತು ಎದ್ದು ಹೋಗಿದೆ. ಬಲಗಾಲಿನದೊಂದನ್ನೇ ಹಾಕಿಕೊಂಡು ಬಂದಿದ್ದೇನೆ, ಬೇಕಿದ್ದರೆ ಬಗ್ಗಿ ನೋಡಿ. ಆದರೆ ಈಗ ಹೇಳುವ ಕತೆ ಮಾತ್ರ ನಿಜ. ನನಗೆ ಹೇಳಿದವನು ಸುಳ್ಳುಗಾರನಾಗಿದ್ದರೆ ಅದು ಅವನ ಪಾಡು.

ಒಂದಾನೊಂದು ಊರಿನಲ್ಲಿ, ಅಂದರೆ ಬೇರೆ ಊರಿನವರು ಯಾರೂ ಹೋಗಲು ಒಪ್ಪದ ಊರಿನಲ್ಲಿ, ಬಿಸಿಲಪ್ಪನಾಯಕ ಅಂತ ಒಬ್ಬ ರಾಜ. ಊರಿನ ಹೆಸರು ಒಣಗಲ್ಲು. ಅವನು ಸಣ್ಣವನಿದ್ದಾಗ ಗಿಳಿಶಾಸ್ತ್ರದವನ ಗಿಳಿ ಪಂಜರದಿಂದ ಹೊರಗೆ ಬಂದು, ಅವನ ಮುಖ ನೋಡಿ, "ಮನೆಯೊಳಗಿನ ನೀರೇ ನಿನಗೆ ಸಾವು" ಅಂದು ಮತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತು.

ಅವತ್ತಿನಿಂದ ಅರಮನೆಯೊಳಗೆ ನೀರಿಲ್ಲ. ಅಡಿಗೆ ಹೊರಗೆ, ಸ್ನಾನ ಹೊರಗೆ. ರಾಜ ನೀರು ಕುಡಿಯುವುದೂ ಬಿಡುವುದೂ ಮಹಡಿಯ ಮೇಲಿನ ಬಯಲಿನಲ್ಲಿ. ಬೆವರುವವರು ಬಾಗಿಲಾಚೆ ನಿಂತು ಗಾಳಿ ಬೀಸಿಕೊಂಡು ಒಣಗಿ ಬರಬೇಕು. ಅಳು ಬಂದವರು ಅಂಗಳದ ಹುಣಸೆಮರದ ಕೆಳಗೆ ಹೋಗಿ ಅತ್ತು, ಮುಖ ಒರೆಸಿಕೊಂಡು, ಕಾವಲಿನವನಿಗೆ ಎರಡೂ ಕೆನ್ನೆ ಮುಟ್ಟಿಸಿ ಒಳಗೆ ಬರಬೇಕು.

ರಾಜನ ತಾಯಿ ಸತ್ತಳು. ಊರೆಲ್ಲ ಹುಣಸೆಮರದ ಕೆಳಗೆ ಸಾಲುಗಟ್ಟಿತು. ರಾಜ ಮಾತ್ರ ಅಳಲಿಲ್ಲ. ಒಳಗೆ ಅತ್ತರೆ ಸಾವು. ಮಹಡಿಯ ಮೇಲೆ ಅತ್ತರೆ ಊರಿಗೆಲ್ಲ ಕಾಣುತ್ತದೆ. "ಇರಲಿ, ಆಮೇಲೆ ಅಳೋಣ" ಅಂದ. ತಮ್ಮ ಸತ್ತ. "ಆಮೇಲೆ" ಅಂದ. ಸಾಕಿದ ಕುದುರೆ ಸತ್ತಿತು. ಅದನ್ನೂ ಆಮೇಲಕ್ಕೆ ಇಟ್ಟ.

ಆ ಊರಿನಲ್ಲಿ ಇನ್ನೊಂದು ಪದ್ಧತಿ ಇತ್ತು. ತಪ್ಪು ಆಯಿತೋ, ಏಟು ಬೀಳಲೇಬೇಕು. ಏಟು ಬೀಳದ ತಪ್ಪು ಓಣಿ ಓಣಿ ಅಲೆದು ಮರಿ ಹಾಕುತ್ತದೆ ಅಂತ ಅವರ ನಂಬಿಕೆ. ಆ ಏಟು ಹಾಕುವವನು ಚಾವಟಿ ಕೊಟ್ರಪ್ಪ. ಕೆಟ್ಟವನಲ್ಲ. ಬಡಗಿ ಉಳಿ ಹಿಡಿಯುತ್ತಾನೆ, ಕೊಟ್ರಪ್ಪ ಚಾವಟಿ ಹಿಡಿಯುತ್ತಿದ್ದ, ಅಷ್ಟೇ. ಕೆಲಸ ಮುಗಿದ ಮೇಲೆ ಚಾವಟಿಗೆ ಎಣ್ಣೆ ಸವರಿ, ಹೆಗಲಿಗೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದ. ಹೊಸ್ತಿಲು ದಾಟಿದ ಕೂಡಲೇ ಹೆಂಡತಿ ಹಂಪವ್ವನ ಕೈಯಿಂದ ನೀರಿನ ಚೊಂಬು ಜಾರಿ ಬೀಳುತ್ತಿತ್ತು. ದಿನಾಲೂ.

"ನಿನ್ನ ಕೈಯಾಗ ಬೆಣ್ಣಿ ಐತೇನ?" ಅಂತ ಕೊಟ್ರಪ್ಪ ಕೇಳುತ್ತಿದ್ದ.

"ಹೂಂ ನೋಡ್ರಿ" ಅಂತ ಹಂಪವ್ವ ಒರೆಸುತ್ತಿದ್ದಳು.

ಚಾವಟಿ ಮಾತಾಡುತ್ತಿತ್ತು. ಅದೇನು ದೊಡ್ಡ ವಿಷಯವಲ್ಲ, ಆ ಕಾಲದಲ್ಲಿ ಸುಮ್ಮನಿರುವ ವಸ್ತುಗಳೇ ಕಡಿಮೆ. ಅದು ಆಡುತ್ತಿದ್ದದ್ದು ಒಂದೇ ಮಾತು: "ಕೊಟ್ರಪ್ಪ, ಹಸಿವು."

ಹೀಗಿರುವಾಗ ಪಕ್ಕದ ಕೆರೆಯೂರಿನ ರಾಣಿಗೆ ಮನುಷ್ಯರ ಮೇಲೆ ನಂಬಿಕೆ ಹೋಯಿತು. ರಾಯಭಾರಿಗಳೆಲ್ಲ ಸುಳ್ಳು ಹೇಳುತ್ತಾರೆ ಅಂತ, ಮಾತೇ ಬಾರದ ಒಂದು ಕಂದು ಬಣ್ಣದ ನಾಯಿಮರಿಯನ್ನು ರಾಯಭಾರಿ ಮಾಡಿ ಒಣಗಲ್ಲಿಗೆ ಕಳಿಸಿದಳು. ತಂದವರು ಹೇಳಿದರು: "ಇದು ರಾಣಿಯ ಸಮಾನ. ಗಡಿಯಲ್ಲಿ ನಮ್ಮ ಆನೆಗಳು ಕಿವಿ ಅಗಲಿಸಿಕೊಂಡು ನಿಂತಿವೆ. ಇದು ಒಂದು ಸಲ ನೋವಿನಿಂದ ಕುಂಯ್ ಅಂದರೆ ಸಾಕು, ಊರಿಗೆ ಊರೇ ತುಳಿಸಿಕೊಳ್ಳುತ್ತದೆ."

ರಾಯಭಾರಿಯನ್ನು ಕಂಬಳಿಯ ಮೇಲೆ ಇಳಿಸಿದರು. ರಾಯಭಾರಿ ಸಿಂಹಾಸನವನ್ನು ನೋಡಿತು. ಮಂತ್ರಿಯನ್ನು ನೋಡಿತು. ಮೂಲೆಯಲ್ಲಿ ಚಾವಟಿ ಹಿಡಿದು ನಿಂತಿದ್ದ ಕೊಟ್ರಪ್ಪನನ್ನು ನೋಡಿತು. ನೋಡಿದ್ದೇ ಅಲ್ಲೇ ಉಚ್ಚೆ ಹೊಯ್ದುಬಿಟ್ಟಿತು.

ರಾಜ ಸಿಂಹಾಸನದ ಮೇಲೆ ಎದ್ದು ನಿಂತ. "ನೀರು! ಮನೆಯೊಳಗೆ ನೀರು!"

ಮಂತ್ರಿ ಹೇಳಿದ, "ಹೊಡೆದು ಬುದ್ಧಿ ಕಲಿಸೋಣವೇ, ಮಹಾಪ್ರಭು?"

"ಹೊಡೆದರೆ ಕುಂಯ್ ಅನ್ನುತ್ತದೆ. ಆನೆಗಳು ಬರುತ್ತವೆ."

"ಹಾಗಾದರೆ ಬಿಟ್ಟುಬಿಡೋಣವೇ?"

"ಬಿಟ್ಟರೆ ಮತ್ತೆ ಹೊಯ್ಯುತ್ತದೆ. ನಾನು ಸಾಯುತ್ತೇನೆ. ಕೊಟ್ರಪ್ಪ!"

"ಬುದ್ದೀ."

"ಈ ಊರಿಗೆಲ್ಲ ಬುದ್ಧಿ ಕಲಿಸಿದವನು ನೀನೇ ತಾನೇ? ಇದಕ್ಕೂ ಕಲಿಸು. ಹೊಡೆಯಬೇಡ. ಬೈಯಬೇಡ. ಹೆದರಿಸಬೇಡ. ಅಮಾವಾಸ್ಯೆಯೊಳಗೆ ಇದು ಹೊರಗೆ ಹೋಗುವುದನ್ನು ಕಲಿಯದಿದ್ದರೆ ಆ ಚಾವಟಿ ನಿನ್ನ ಬೆನ್ನಿಗೆ. ಬೆನ್ನು ಮುಗಿಯುವ ತನಕ."

"ನನಗ ಹೊಡೆಯೋರು ಯಾರು ಬುದ್ದೀ? ಈ ಕೆಲಸ ಬರೋದು ನನಗೊಬ್ಬನಿಗೇ."

"ನೀನೇ ಹೊಡೆದುಕೋ" ಅಂದ ರಾಜ. ರಾಜರ ಹತ್ತಿರ ಎಲ್ಲಕ್ಕೂ ಉತ್ತರ ಇರುತ್ತದೆ.

ಚಾವಟಿ ಮೆಲ್ಲಗೆ ಕೊಟ್ರಪ್ಪನ ಬೆನ್ನು ಸವರಿ ನೋಡಿತು. "ಅಗಲ ಐತಿ" ಅಂದಿತು.

ಆದರೆ ಆಗಲೇ ಆಗಿಹೋದ ತಪ್ಪಿಗೆ ಏಟು ಬೀಳಬೇಕಲ್ಲ? ನಾಯಿಗೆ ಹೊಡೆಯುವಂತಿಲ್ಲ. ಮಂತ್ರಿ ಯೋಚಿಸಿ, ಒದ್ದೆಯಾದದ್ದು ನೆಲ, ನೆಲಕ್ಕೇ ಹೊಡಿ ಅಂದ. ಕೊಟ್ರಪ್ಪ ನೆಲಕ್ಕೆ ಬಾರಿಸಿದ. ಛಟೀರ್! ಆ ಸದ್ದಿಗೆ ನಾಯಿಮರಿ ಮತ್ತೆ ಹೊಯ್ಯಿತು. ಮತ್ತೆ ತಪ್ಪು. ಮತ್ತೆ ನೆಲಕ್ಕೆ ಏಟು. ಮತ್ತೆ ಹೊಯ್ಯಿತು. ಮಧ್ಯಾಹ್ನದ ಹೊತ್ತಿಗೆ ಕೊಟ್ರಪ್ಪನ ತೋಳು ಬಿದ್ದುಹೋಗುವಂತಾಯಿತು. ಇಷ್ಟೊಂದು ನೀರು ಒಂದು ಅಂಗೈಯಗಲದ ನಾಯಿಮರಿಯಲ್ಲಿ ಎಲ್ಲಿತ್ತೋ, ಕೆರೆಯೂರಿನದಲ್ಲವೇ.

"ನೆಲ ಮೊಂಡು, ಸೆರೆಮನೆಗೆ ಹಾಕಿ" ಅಂದ ಮಂತ್ರಿ. ಚಪ್ಪಡಿ ಕಲ್ಲುಗಳನ್ನೆಲ್ಲ ಕಿತ್ತು ಸೆರೆಮನೆಗೆ ತುಂಬಿದರು. ಅಲ್ಲಿದ್ದ ಕೈದಿಗಳಿಗೆ ಜಾಗ ಸಾಲದೆ ಅವರನ್ನು ಮನೆಗೆ ಕಳಿಸಿದರು. ಆಸ್ಥಾನ ಬರೀ ಮಣ್ಣಾಯಿತು.

ಆಮೇಲೆ ಬಾಗಿಲ ಸರದಿ. ಮಂತ್ರಿ ಕೇಳಿದ, "ನಾಯಿ ಹೊರಗೆ ಹೋಗಬೇಕಾದಾಗ ನೀನೇಕೆ ತೆರೆಯಲಿಲ್ಲ?"

"ಯಾರೂ ತಳ್ಳಲಿಲ್ಲ, ಧಣಿ" ಅಂದಿತು ಬಾಗಿಲು.

ತೆರೆಯದ್ದಕ್ಕೆ ಹೊಡೆದರು. ಬಾಗಿಲು ಹೆದರಿ ಪಟಾರನೆ ತೆರೆದುಕೊಂಡಿತು. ಕೇಳದೆ ತೆರೆದದ್ದಕ್ಕೆ ಹೊಡೆದರು. ಮುಚ್ಚಿಕೊಂಡಿತು. ಮುಚ್ಚಿದ್ದಕ್ಕೂ ಹೊಡೆದರು. ಕಡೆಗೆ ಆ ಬಾಗಿಲು ಹೇಗಿರಬೇಕೆಂದೇ ತಿಳಿಯದೆ, ಮುಚ್ಚಿರುವಾಗ ಯಾರು ಮುಟ್ಟಿದರೂ ಗಡಗಡ ನಡುಗಿ ಬಿಗಿದುಕೊಳ್ಳತೊಡಗಿತು.

ಕೊಟ್ರಪ್ಪ ಸಂಜೆ ಒಂದು ಕಂಕುಳಲ್ಲಿ ರಾಯಭಾರಿಯನ್ನೂ ಹೆಗಲ ಮೇಲೆ ಚಾವಟಿಯನ್ನೂ ಇಟ್ಟುಕೊಂಡು ಮನೆಗೆ ಹೋದ. ಹೊಸ್ತಿಲು ದಾಟಿದ. ಹಂಪವ್ವನ ಕೈಯಿಂದ ಚೊಂಬು ಬಿತ್ತು. ಅದೇ ಕ್ಷಣಕ್ಕೆ ನಾಯಿಮರಿ ಅವನ ಅಂಗಿಯ ಮೇಲೆ ಹೊಯ್ಯಿತು. ಆ ನೀರು ಹೀಗೆ ಹರಿಯಿತು, ಈ ನೀರು ಹಾಗೆ ಹರಿಯಿತು. ನಡುಮನೆಯಲ್ಲಿ ಎರಡೂ ಕೂಡಿದವು.

ಚಾವಟಿ ನಕ್ಕಿತು. "ಎರಡೂ ನನ್ನ ಹೆಸರಿಂದಾನೇ ಬಿದ್ದಿದ್ದು" ಅಂದಿತು.

ಕೊಟ್ರಪ್ಪ ಕೂಡಿದ ನೀರನ್ನೇ ನೋಡುತ್ತ ನಿಂತ.

"ಹಂಪೀ. ನಿನ್ನ ಕೈಯಾಗ ಬೆಣ್ಣಿ ಇಲ್ಲಲ್ಲ?"

"ಇಲ್ರಿ."

"ಯಾವಾಗಿಂದ?"

"ಮದುವಿ ಆದಾಗಿಂದ."

"ನಿನಗ ಒಂದು ದಿನಾನೂ ಹೊಡದಿಲ್ಲಲ್ಲೇ ನಾನು!"

"ನೆಲಕ್ಕ ಹೊಡದ್ರೆ ಕುನ್ನಿಗೆ ಯಾಕ ಹತ್ತಿತು?" ಅಂದಳು ಹಂಪವ್ವ. ಅರಮನೆಯ ಸುದ್ದಿ ಆಗಲೇ ಓಣಿಗೆಲ್ಲ ಬಂದಿತ್ತು. ಬಗ್ಗಿ ಎರಡೂ ನೀರು ಒರೆಸಿದಳು. "ಮೊದಲು ಅದನ್ನ ಹೊರಗಿಟ್ಟು ಬರ್ರಿ. ಆಮೇಲೆ ಕುನ್ನಿಗೆ ಕಲಿಸೋ ಮಾತು."

ಕೊಟ್ರಪ್ಪ ಚಾವಟಿಯನ್ನು ಹೊರಗಿನ ಗೂಟಕ್ಕೆ ನೇತುಹಾಕಿದ. "ಹಸಿವು, ಹಸಿವು" ಅಂತ ಅದು ಕೂಗಿಕೊಂಡಿತು.

ಹಂಪವ್ವ ಹೇಳಿಕೊಟ್ಟದ್ದು ಇಷ್ಟೇ. ಉಂಡ ಮೇಲೆ ಕುನ್ನಿಯನ್ನು ಹೊರಗೆ ಒಯ್ಯಬೇಕು. ಮಲಗಿ ಎದ್ದಾಗ ಒಯ್ಯಬೇಕು, ಆಡಿ ದಣಿದಾಗ ಒಯ್ಯಬೇಕು. ಒಂದೇ ಜಾಗಕ್ಕೆ ಒಯ್ಯಬೇಕು. ಅಲ್ಲಿ ಹೊಯ್ದರೆ ತಲೆ ಸವರಿ, "ಶಾಣ್ಯಾ ನನ ಕಂದ" ಅಂದು ಒಂದು ಚೂರು ರೊಟ್ಟಿ ಕೊಡಬೇಕು. ಒಳಗೆ ಹೊಯ್ದರೆ ಬಾಯಿ ಮುಚ್ಚಿಕೊಂಡು ಒರೆಸಿ, "ಆತು ಬಿಡು ಕಂದ, ಆಗ್ತೈತಿ" ಅನ್ನಬೇಕು.

"ಅಷ್ಟೇನಾ?"

"ಅಷ್ಟ."

"ಏಟು ಬೀಳದ ತಪ್ಪು ಮರಿ ಹಾಕ್ತೈತಲ್ಲೇ?"

"ಹಾಕಲಿ. ಅವಕ್ಕೂ ರೊಟ್ಟಿ ಹಾಕೋಣಂತ."

ರಾಯಭಾರಿಯನ್ನು ಕಟ್ಟಿ ನಡೆಸಲು ಹಗ್ಗ ಬೇಕಾಯಿತು. ಊರಿನ ಹಗ್ಗಗಳೆಲ್ಲ ಸೆರೆಮನೆಯ ಕಲ್ಲುಗಳನ್ನು ಕಟ್ಟಿಹಾಕಲು ಹೋಗಿದ್ದವು. ಉಳಿದದ್ದು ಚಾವಟಿ ಒಂದೇ. ಕೊಟ್ರಪ್ಪ ಅದರ ತುದಿಯನ್ನು ಸಡಿಲವಾಗಿ ನಾಯಿಮರಿಯ ಕೊರಳಿಗೆ ಗಂಟು ಹಾಕಿದ.

"ಊರನ್ನೇ ನಡುಗಿಸಿದವನು ನಾನು!" ಅಂತ ಚಾವಟಿ ಅತ್ತಿತು. "ನಾಯಿ ಕಟ್ಟೋ ದಾರ ಮಾಡಿದ್ಯಲ್ಲೋ! ಇರು, ಅಮಾವಾಸ್ಯೆ ಬರಲಿ."

ಉಂಡ ಮೇಲೆ ಹುಣಸೆಮರ, ಎದ್ದ ಮೇಲೆ ಹುಣಸೆಮರ, ಆಡಿದ ಮೇಲೆ ಹುಣಸೆಮರ. ಅಲ್ಲಿ ಅಳುತ್ತ ನಿಂತವರು "ಸ್ವಲ್ಪ ಸರೀರಿ, ರಾಯಭಾರಿ ಬಂದ್ರು" ಅಂತ ಕೊಟ್ರಪ್ಪ ಹೇಳಿದರೆ ಮೂಗು ಒರೆಸಿಕೊಂಡು ಸರಿಯುತ್ತಿದ್ದರು. ನಾಯಿಮರಿ ಮೊದಮೊದಲು ಒಳಗೂ ಹೊಯ್ಯಿತು. ಕೊಟ್ರಪ್ಪನ ಬಲಗೈ ತಾನಾಗಿ ಮೇಲೇಳುತ್ತಿತ್ತು. ಎದ್ದ ಕೈಯಿಂದಲೇ ಹೆಗಲ ವಲ್ಲಿ ತೆಗೆದು ಒರೆಸುತ್ತಿದ್ದ. "ಆತು ಬಿಡು ಕಂದ, ಆಗ್ತೈತಿ." ಹಲ್ಲು ಕಚ್ಚಿಕೊಂಡೇ ಹೇಳುತ್ತಿದ್ದ. ಹೇಳಿ ಹೇಳಿ ಹಲ್ಲು ಸಡಿಲವಾಯಿತು. ಒಂದು ದಿನ ನಾಯಿಮರಿ ತಾನೇ ಬಾಗಿಲ ಬಳಿ ಹೋಗಿ ಕೆರೆದು, ತಿರುಗಿ ಅವನ ಮುಖ ನೋಡಿತು.

ಅಮಾವಾಸ್ಯೆ ಬಂತು. ಆಸ್ಥಾನ ತುಂಬಿತು. ಬಾಗಿಲು ಹಾಕಿದರು. ಕೊಟ್ರಪ್ಪ ಚಾವಟಿಯ ಗಂಟು ಬಿಚ್ಚಿ ಮಣ್ಣಿನ ಮೇಲಿಟ್ಟು, ನಾಯಿಮರಿಗೆ ಹೊಟ್ಟೆ ತುಂಬ ಹಾಲು ಕುಡಿಸಿದ. ನಾಯಿಮರಿ ಬಾಲ ಅಲ್ಲಾಡಿಸಿತು. ನೇರ ಬಾಗಿಲಿಗೆ ಹೋಗಿ ಕೆರೆಯಿತು. ಬಾಗಿಲು ನಡುಗಿ ಬಿಗಿದುಕೊಂಡಿತು. ನಾಯಿಮರಿ ಅಲ್ಲೇ ಕೂತು ತಡೆದುಕೊಂಡಿತು.

"ಕಲಿತಿದೆ!" ಅಂದ ರಾಜ. "ಕೊಟ್ರಪ್ಪ, ನಿನ್ನ ಬೆನ್ನು ನಿನಗೇ ಇರಲಿ."

ಇದನ್ನು ಕೇಳಿದ್ದೇ ಚಾವಟಿಗೆ ತಡೆಯಲಾಗಲಿಲ್ಲ. ಬಡಕಲಾಗಿ ಬಿದ್ದಿದ್ದದ್ದು ಹಾವಿನ ಹಾಗೆ ತಾನೇ ಎದ್ದು, ಗಾಳಿಯಲ್ಲಿ ತನ್ನನ್ನೇ ಬೀಸಿಕೊಂಡಿತು. ಛಟೀರ್!

ಮಂತ್ರಿ ಹೊಯ್ದುಕೊಂಡ. ಕಾವಲಿನವರು ಹೊಯ್ದುಕೊಂಡರು. ಊರಿಗೆ ಆ ಸದ್ದು ಕಲಿಸಿದ ಪಾಠ ಅದೊಂದೇ. ಒಣಗಿದ್ದದ್ದು ನಾಯಿಮರಿ ಒಂದೇ. ಆಮೇಲೆ, ಎಲ್ಲ ಸದ್ದೂ ನಿಂತ ಮೇಲೆ, ಸಿಂಹಾಸನದಿಂದ ತೊಟ್ಟಿಕ್ಕುವುದು ಕೇಳಿಸಿತು. ತೊಟ್. ತೊಟ್.

ಯಾರೂ ತಲೆ ಎತ್ತಲಿಲ್ಲ.

"ಕೊಟ್ರಪ್ಪ," ರಾಜನ ದನಿ ಸಣ್ಣದಾಗಿತ್ತು, "ಹೊಡೀತೀಯಾ?"

"ಹೊಡಿ" ಅಂದಿತು ಚಾವಟಿ, ಅವನ ಅಂಗೈಯೊಳಗೆ ನುಸುಳಿಕೊಂಡು. "ಪದ್ಧತಿ ಪದ್ಧತೀನೇ. ಹೊಡಿ. ರಾಜನ ಬೆನ್ನು ಒಂದು ಸಲಾನೂ ತಿಂದಿಲ್ಲ ನಾನು."

ಕೊಟ್ರಪ್ಪನ ಬಲಗೈ ಮೇಲೆದ್ದಿತು. ಎದ್ದ ಕೈ ಚಾವಟಿಯನ್ನು ಕೆಳಗೆ ಬಿಟ್ಟು ಹೆಗಲ ವಲ್ಲಿಗೆ ಹೋಯಿತು. ಅವನು ಸಿಂಹಾಸನದ ಮುಂದೆ ಕೂತು ಒರೆಸಿದ. ಬಾಯಿಗೆ ಬಂದದ್ದೂ ರೂಢಿಯ ಮಾತೇ.

"ಆತು ಬಿಡು ಕಂದ. ಆಗ್ತೈತಿ."

ತಾಯಿ ಸತ್ತ ಮೇಲೆ ರಾಜನನ್ನು ಯಾರೂ ಕಂದ ಅಂದಿರಲಿಲ್ಲ. ಅವನ ಗಲ್ಲ ನಡುಗಿತು.

"ತಡಕೊಳ್ರಿ ಬುದ್ದೀ!" ಕೊಟ್ರಪ್ಪ ಗಾಬರಿಯಾದ. "ಇಲ್ಲಿ ಬ್ಯಾಡ. ಹುಣಸೀಮರ ಇಲ್ಲೇ ಐತಿ, ಹೊರಗ ಹೋಗೋಣ ಬರ್ರಿ!" ನಾಯಿಮರಿ ಓಡಿ ಬಂದು ರಾಜನ ಧೋತರದ ಅಂಚು ಕಚ್ಚಿ ಬಾಗಿಲ ಕಡೆಗೆ ಎಳೆಯಿತು. ಆದರೆ ತಡೆದುಕೊಂಡು ಹೊರಗೆ ಹೋಗುವುದನ್ನು ನಾಯಿಮರಿಗೆ ಕಲಿಸಿದ್ದರೇ ಹೊರತು ರಾಜನಿಗೆ ಯಾರು ಕಲಿಸಿದ್ದರು?

ರಾಜ ಅತ್ತ. ತಾಯಿಗೆ ಅತ್ತ. ನೀರು ಮೊಣಕಾಲಿಗೆ ಬಂತು. ತಮ್ಮನಿಗೆ ಅತ್ತ. ಸೊಂಟಕ್ಕೆ ಬಂತು. ಕುದುರೆಗೆ ಅತ್ತ. ಕುದುರೆ ದೊಡ್ಡದು, ಕುತ್ತಿಗೆಗೆ ಬಂತು. ಜನ ಬಾಗಿಲಿಗೆ ಮುಗಿಬಿದ್ದು ಗುದ್ದಿದರು, ಒದ್ದರು, ಬೈದರು. ಬಾಗಿಲು ಇನ್ನಷ್ಟು ಬಿಗಿಯಿತು. ಮಂತ್ರಿ ತಲೆಯಿಂದ ಗುದ್ದಿದ, ಆಮೇಲೆ ಗುದ್ದಲಿಲ್ಲ. ತೇಲಿದ.

ಕೊಟ್ರಪ್ಪ ನಾಯಿಮರಿಯನ್ನು ತಲೆಯ ಮೇಲಿಟ್ಟುಕೊಂಡು ಬಾಗಿಲಿಗೆ ಕೆನ್ನೆ ಹಚ್ಚಿದ. "ಹೆದರಬ್ಯಾಡ. ತೆರೆದ್ರೂ ಹೊಡಿಯಂಗಿಲ್ಲ, ತೆರೀದಿದ್ರೂ ಹೊಡಿಯಂಗಿಲ್ಲ. ನಿನಗೆ ಯಾವಾಗ ಆಗ್ತೈತೋ ಆವಾಗ." ಹೀಗೆ ಹೇಳುವುದು ಸುಲಭವಲ್ಲ, ಮೂಗಿನ ತನಕ ನೀರು ಬಂದಿರುವಾಗ.

ಬಾಗಿಲು ಯೋಚಿಸಿತು. ಒಂದಿಷ್ಟೇ ತೆರೆಯಿತು.

"ಶಾಣ್ಯಾ ನನ ಕಂದ" ಅಂದ ಕೊಟ್ರಪ್ಪ. ಇನ್ನೊಂದಿಷ್ಟು ತೆರೆಯಿತು. ಅವನೂ ನಾಯಿಮರಿಯೂ ಇನ್ನೂ ಕೆಲವರೂ ಸಂದಿಯಿಂದ ಹೊರಬಿದ್ದರು. ಕೊಟ್ರಪ್ಪ ತಿರುಗಿ ಕೂಗಿದ, "ಬುದ್ದೀ, ಬರ್ರಿ!"

"ನೀವು ನಡೀರಿ," ಒಳಗಿನಿಂದ ರಾಜನ ದನಿ ಬಂತು, "ನಂದು ಇನ್ನೂ ಸ್ವಲ್ಪ ಇದೆ."

ಆಮೇಲೆ ಗುಳುಗುಳು ಅನ್ನುವುದು ಕೇಳಿಸಿತು. ಆಮೇಲೆ ಅದೂ ಕೇಳಿಸಲಿಲ್ಲ. ಗಿಳಿ ಹೇಳಿದ್ದು ಸರಿಯಾಗಿತ್ತು. ಚಾವಟಿ ಕೊನೆಗೆ ನೀರು ಕುಡಿದು ಕುಡಿದು ಊದಿಕೊಂಡು ಸತ್ತಿತಂತೆ, ಹೊಟ್ಟೆ ತುಂಬಿದ್ದು ಅದೊಂದೇ ಸಲ.

ಕೊಟ್ರಪ್ಪ ಬರಿ ಹೆಗಲಲ್ಲಿ ಮನೆಗೆ ಬಂದ. ಹೊಸ್ತಿಲಾಚೆ ನಿಂತು, ಕೆಮ್ಮಿ, ಮೆಲ್ಲಗೆ ಒಳಗೆ ಕಾಲಿಟ್ಟ. ಹಂಪವ್ವ ನೀರಿನ ಚೊಂಬು ಹಿಡಿದು ನಿಂತಿದ್ದಳು.

ಚೊಂಬು ಬಿತ್ತು.

ಇಬ್ಬರೂ ಅದನ್ನು ನೋಡಿದರು. ಹಂಪವ್ವ ಒರೆಸಲು ಬಗ್ಗಿದಳು. "ನೀನಿರು" ಅಂದ ಕೊಟ್ರಪ್ಪ. ತಾನೇ ಒರೆಸಿದ. ಚೊಂಬಿಗೆ ನೀರು ತುಂಬಿ ಅವಳ ಕೈಗೆ ಕೊಟ್ಟ. ಹೊರಗೆ ಹೋದ. ಕೆಮ್ಮಿದ. ಮತ್ತೆ ಒಳಗೆ ಬಂದ. ಮತ್ತೆ ಬಿತ್ತು. ಮತ್ತೆ ಒರೆಸಿ, ತುಂಬಿ ಕೊಟ್ಟು, ಹೊರಗೆ ಹೋದ. ನಾಯಿಮರಿಗೆ ಅಮಾವಾಸ್ಯೆಯೊಳಗೆ ಬಂದ ವಿದ್ಯೆ ಆ ಕೈಗೆ ಬರಲು ಎಷ್ಟು ಕಾಲ ಬೇಕೋ ಯಾರೂ ಹೇಳಲಾರರು. ಅವನು ಇವತ್ತಿಗೂ ಒಳಗೆ ಹೊರಗೆ ಮಾಡುತ್ತಲೇ ಇದ್ದಾನಂತೆ. ಹೊಸ್ತಿಲು ಸವೆದಿದೆಯಂತೆ. ನಾಯಿಮರಿ ಮುದಿಯಾಗಿ, ಬಾಗಿಲ ಬಳಿ ಮಲಗಿ, ಅವನು ಬಂದಾಗಲೆಲ್ಲ ಒಂದು ಕಣ್ಣು ತೆರೆದು ನೋಡುತ್ತದಂತೆ.

ಇದರಿಂದ ತಿಳಿಯಬೇಕಾದ ನೀತಿ ಏನಪ್ಪಾ ಅಂದರೆ, ರಾಜರಾಗುವವರು ಊಟವಾದ ಮೇಲೆ ತಪ್ಪದೆ ಒಂದು ಸಲ ಹುಣಸೆಮರದ ತನಕ ಹೋಗಿ ಬರಬೇಕು.

ಏನಂದಿರಿ? ಆನೆಗಳೇ? ಅವಕ್ಕೆ ಹಿಂದಿರುಗಲು ಯಾರೂ ಹೇಳಲೇ ಇಲ್ಲ. ಗಡಿಯಲ್ಲಿ ಈಗಲೂ ಕಿವಿ ಅಗಲಿಸಿಕೊಂಡು ನಿಂತಿವೆ, ಎಲ್ಲಿ ಯಾರು ಕುಂಯ್ ಅನ್ನುತ್ತಾರೋ ಅಂತ. ಅದಕ್ಕೇ ಹೇಳುತ್ತೇನೆ, ಕುಂಯ್ ಅನ್ನದೆ, ಮುಖ ಸೊಟ್ಟ ಮಾಡದೆ, ನನ್ನ ಈ ಒಂದು ಚಾದ ದುಡ್ಡನ್ನು ನೀವೇ ಕೊಟ್ಟುಬಿಡಿ.