ದನಿಯ ಸಾಕ್ಷಿ

"ಮೊಟ್ಟೆ ಕದ್ದವನು ನಾನೇ" ಎಂದು ಮುಂಗುಸಿಯ ದನಿ ಕೇಳಿಸಿತೆಂದು ನ್ಯಾಯಾಧೀಶ ಕಾಡುಕೋಣ ಮುಂಗುಸಿಯನ್ನು ಗಡೀಪಾರು ಮಾಡಿತು. ಆ ದನಿಯನ್ನು ಅಣಕಿಸಿದ್ದು ಕಾಜಾಣ ಹಕ್ಕಿ ಎಂದು ಗೊತ್ತಾಗುವಷ್ಟರಲ್ಲಿ ಮುಂಗುಸಿ ಕಾಡು ದಾಟಿ ಹೋಗಿತ್ತು.

ಕಾನೂನಿಗೆ ವ್ಯಾಖ್ಯಾನ ಬರೆಯುವ ಮುಳ್ಳುಹಂದಿ ತನ್ನದೇ ಮುಳ್ಳು ಕಿತ್ತು ಬರೆಯಿತು: "ಇನ್ನು ಬರೀ ದನಿ ಸಾಕ್ಷಿಯಲ್ಲ." ಎಲ್ಲರೂ ಭೇಷ್ ಎಂದರು.

ಮರುದಿನ ಪೊದೆಯಾಚೆಯಿಂದ ಜಿಂಕೆ ಕೂಗಿತು: "ಸ್ವಾಮಿ, ಚಿರತೆ ಹೊಂಚು ಹಾಕಿದೆ! ಮರಿಯನ್ನು ಬಿಟ್ಟು ಬರಲಾರೆ, ನೀವೇ ಬನ್ನಿ!"

"ಕಾಜಾಣವಿದ್ದರೂ ಇರಬಹುದು. ಖುದ್ದು ಹಾಜರಾಗು," ಎಂದಿತು ಕಾಡುಕೋಣ.

ಜಿಂಕೆ ಓಡೋಡಿ ಬಂದು ಹಾಜರಾಯಿತು. ಎಲ್ಲರೂ ಪೊದೆ ತಲುಪುವಷ್ಟರಲ್ಲಿ ಮರಿ ಇರಲಿಲ್ಲ.

ಮುಳ್ಳುಹಂದಿ ಇನ್ನೊಂದು ಮುಳ್ಳು ಕಿತ್ತಿತು. "ಏನೆಂದು ತಿದ್ದಲಿ, ಸ್ವಾಮಿ?"

ಕಾಡುಕೋಣ ತಲೆ ತಗ್ಗಿಸಿತು. "ತಿದ್ದುವುದು ಆಮೇಲೆ. ಮೊದಲು ಮರಿಯ ಹೆಸರು ಬರೆ."

"ಇನ್ನೂ ಹೆಸರಿಟ್ಟಿರಲಿಲ್ಲ," ಎಂದಿತು ಜಿಂಕೆ.