ಈಳಿಗೆಮಣೆ ಅಟ್ಟಕ್ಕೇರಿದ ದಿನ

“ಗುರುಗಳೇ, ಭಯವೂ ಭಕ್ತಿಯೂ ಒಂದೇ ಮನೆಯಲ್ಲಿ ಬಾಳಬಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳ ಮುಖ ಅರಳಿತು. ಇಂಥ ಪ್ರಶ್ನೆ ಬಂದರೆ ಅವರಿಗೆ ಊಟವೂ ಬೇಡ.

“ಒಂದು ಮನೆ. ಹಿತ್ತಿಲಿನಲ್ಲಿ ಎರಡು ಟರ್ಕಿ ಕೋಳಿ. ಒಳಗೆ ಒಬ್ಬಳು ತಾಯಿ, ತುಂಬು ಬಸುರಿ ಮಗಳು. ಒಂದು ದಿನ ಆ ಕೋಳಿಗಳಿಂದ ಮಗಳ ಜೀವ ಉಳಿಯಿತು. ತಾಯಿ ಎದೆ ಬಡಿದುಕೊಂಡು ಅತ್ತಳು. ಏನಾಗಿರಬಹುದು, ಊಹಿಸು ನೋಡೋಣ.”

“ಹೊಟ್ಟೆಯಲ್ಲಿದ್ದ ಮಗುವಿಗೇನಾದರೂ ಆಯಿತೇ?”

“ಮಗುವೂ ಕ್ಷೇಮ. ಕೇಳು.”

ಆ ತಾಯಿಗೆ ಹಾವೆಂದರೆ ಪ್ರಾಣಭಯ. ಮಗಳು ಹೆರಿಗೆಗೆಂದು ತವರಿಗೆ ಬಂದ ಮೇಲಂತೂ ಬಾಳೆಯ ಬುಡದಲ್ಲಿ ತರಗೆಲೆ ಅಲುಗಿದರೂ ಹಾವೇ. ಟರ್ಕಿ ಕೋಳಿ ಅಡ್ಡಾಡುವ ಕಡೆ ಹಾವು ಸುಳಿಯುವುದಿಲ್ಲ ಎಂದು ಯಾರೋ ಹೇಳಿದರು. ಎರಡನ್ನು ತಂದು ಹಿತ್ತಿಲಿಗೆ ಬಿಟ್ಟಳು. ಕೈಯಾರೆ ಕಾಳು ತಿನ್ನಿಸಿ ಸಾಕಿದಳು. ಅವು ಬದನೆ ಸಸಿ ಕುಕ್ಕಿದವು, ಮಲ್ಲಿಗೆಯ ಪಾತಿ ಕೆದರಿದವು, ಗಂಡನ ಪಂಚೆ ಹಿಡಿದು ಎಳೆದವು.

“ಇವಕ್ಕೊಂದು ಗೂಡು ಕಟ್ಟಿಸೋಣ ಕಣೇ,” ಎಂದ ಗಂಡ.

“ಗೂಡಿನಲ್ಲಿ ಕೂತು ಯಾರನ್ನು ಕಾಯುತ್ತವೆ? ಅವು ಹೊರಗಿರಲಿ. ಬೇಕಾದರೆ ನೀವು ಒಳಗಿರಿ.”

ಗಂಡ ಒಳಗೇ ಇದ್ದ.

ಒಂದು ಬೆಳಿಗ್ಗೆ ಅವಳು ತಲೆಗೆ ನೀರೆರೆದುಕೊಂಡು ಮಡಿಯುಟ್ಟಳು. ಅಂದು ಏನನ್ನೂ ಹೆಚ್ಚುವಂತಿಲ್ಲ, ನೆಲ ಅಗೆಯುವಂತಿಲ್ಲ. ಈಳಿಗೆಮಣೆ, ಕುಡುಗೋಲು, ಗುದ್ದಲಿ, ಹರಿತವಾದುದೆಲ್ಲ ಅಟ್ಟ ಸೇರಿತು. ಗಂಡನ ಕ್ಷೌರದ ಕತ್ತಿಯನ್ನೂ ಬಿಡಲಿಲ್ಲ. ಕೊಕ್ಕುಗಳ ನೆನಪು ಮಾತ್ರ ಅವಳಿಗೆ ಬರಲಿಲ್ಲ.

ಮುಚ್ಚಿದ ತಂಬಿಗೆ ಹಿಡಿದು, ಮಗಳನ್ನು ಕರೆದುಕೊಂಡು, ಹಿತ್ತಿಲ ಮೂಲೆಯ ಕಲ್ಲಿನ ಬಳಿ ನಿಂತಳು. ಮಗಳ ಹೆರಿಗೆ ಸುಖವಾಗಿ ಆಗಲಿ ಎಂದು ಕಣ್ಣು ಮುಚ್ಚಿ ಬೇಡಿದಳು. ಕಣ್ಣು ಬಿಟ್ಟಾಗ ಕಲ್ಲಿನ ಸಂದಿಯಿಂದ ನಾಗರದ ಮರಿಯೊಂದು ಹೊರಬಂದಿತ್ತು. ಗೇಣುದ್ದ. ಎಳೆಯ ಹೆಡೆ. ಅದು ಹರಿದದ್ದು ಮಗಳ ಪಾದದ ಕಡೆಗೆ.

ತಾಯಿಯ ಕೈ ಮೇಲೆದ್ದಿತು. ಮುಗಿಯಲೋ, ತಡೆಯಲೋ, ಅವಳಿಗೇ ತಿಳಿಯಲಿಲ್ಲ. ಅಷ್ಟರಲ್ಲಿ ಕೋಳಿಗಳು ನುಗ್ಗಿದವು. ಒಂದು ತಲೆ ಕಚ್ಚಿತು, ಇನ್ನೊಂದು ಬಾಲ. ಎಳೆದಾಡಿದವು, ಹರಿದವು, ಅವಳ ಕಣ್ಣೆದುರೇ ನುಂಗಿದವು. ತಂಬಿಗೆ ಕೈಜಾರಿ ಕಲ್ಲಿನ ಮೇಲೆ ಉರುಳಿತು.

ಗಂಡ ಓಡಿ ಬಂದ. “ಮಗಳು ಉಳಿದಳಲ್ಲೇ. ಇವನ್ನು ತಂದದ್ದು ಇದಕ್ಕೇ ಅಲ್ಲವೇ?”

“ಇದಕ್ಕೇ,” ಎಂದು ಅವಳು ಎದೆ ಬಡಿದುಕೊಂಡು ಅತ್ತಳು. “ಇವತ್ತಲ್ಲಾರೀ, ಇವತ್ತಲ್ಲ.”

ಇಲ್ಲಿಗೆ ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ನಗು ಬಂತು.

“ಜೀವ ಉಳಿಸುವುದಕ್ಕೂ ದಿನ ನೋಡಬೇಕೇ, ಗುರುಗಳೇ?”

“ತಂಬಿಗೆಯಲ್ಲಿದ್ದದ್ದು ಆ ಕಲ್ಲಿಗೆ ಎರೆಯಬೇಕಿದ್ದ ಹಾಲು,” ಎಂದರು ಗುರುಗಳು. ಶಿಷ್ಯನ ನಗು ಬಾಯಲ್ಲೇ ನಿಂತಿತು. “ಅಂದು ಶ್ರಾವಣ ಶುದ್ಧ ಪಂಚಮಿ, ನಾಗರಪಂಚಮಿ.”